ವಿದೇಶದ ಕ್ರಿಮಿನಲ್ ಪ್ರಕರಣಕ್ಕೆ ನಿಮ್ಮ ಬಳಿ ಸಾಕ್ಷ್ಯ ಕೇಳಿದಾಗ: ಕಾಗದ ಓದುವುದರಿಂದ ಲಕೋಟೆ ಮುಚ್ಚುವವರೆಗೆ

ಅಮೆರಿಕದಲ್ಲಿ ನಡೆದ ವಂಚನೆಯೊಂದರ ಹಣ ಬೆಂಗಳೂರಿನ ಬ್ಯಾಂಕ್ ಖಾತೆಯ ಮೂಲಕ ಹಾದುಹೋಗಿದೆ. ಅಥವಾ ಲಂಡನ್ನಿನ ತನಿಖೆಗೆ ಬೇಕಾದ ಲಾಗ್ (ಕಂಪ್ಯೂಟರ್ ಚಟುವಟಿಕೆಯ ದಾಖಲೆ) ಮಂಗಳೂರಿನ ಕಂಪನಿಯೊಂದರ ಸರ್ವರಿನಲ್ಲಿದೆ. ಅಲ್ಲಿನ ಪೊಲೀಸರು ಇಲ್ಲಿಗೆ ಬಂದು ಅದನ್ನು ತೆಗೆದುಕೊಂಡು ಹೋಗುವ ಹಾಗಿಲ್ಲ. ಅಂಥ ಸಾಕ್ಷ್ಯಕ್ಕೆ ನಮ್ಮ ಕಾನೂನು ಒಂದು ದಾರಿ ಮಾಡಿದೆ, ಆ ದಾರಿಯ ಪ್ರತಿ ತಿರುವಿನಲ್ಲೂ ಒಂದು ವ್ಯಾಖ್ಯೆ ಇದೆ. ಕೈಗೆ ಬಂದ ಕಾಗದ ಯಾವ ವ್ಯಾಖ್ಯೆಯೊಳಗೆ ಬರುತ್ತದೆ ಎಂಬುದರ ಮೇಲೆ ನೀವು ಏನು ಕೊಡಬೇಕು, ಯಾರಿಗೆ ಕೊಡಬೇಕು, ಯಾವ ರೂಪದಲ್ಲಿ ಕೊಡಬೇಕು ಎಂಬ ಮೂರೂ ನಿಂತಿವೆ. ಬ್ಯಾಂಕ್ ಶಾಖೆಯವರು, ಕಂಪನಿಗಳ ಕಾನೂನು ವಿಭಾಗದವರು, ಹೊಸದಾಗಿ ಈ ಕೆಲಸಕ್ಕೆ ಇಳಿದ ವಕೀಲರು, ಸಾಕ್ಷಿಯಾಗಿ ಕರೆ ಬಂದ ಸಾಮಾನ್ಯರು, ಇವರೆಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ.

ಮೊದಲು, ಕಾಗದ ಯಾರದು ನೋಡಿ

ಉತ್ತರ ಬರೆಯಲು ಕೂರುವ ಮೊದಲು ಕಾಗದದ ತಲೆಬರಹ, ಸಹಿ, ಉಲ್ಲೇಖಿಸಿದ ಕಲಂ ಮೂರನ್ನೂ ಓದಿ. ಸಾಮಾನ್ಯವಾಗಿ ಬರುವ ಕಾಗದಗಳು ಇವು.

ವಿದೇಶಿ ಪೊಲೀಸರಿಂದಲೋ ಪ್ರಾಸಿಕ್ಯೂಟರ್ ಕಚೇರಿಯಿಂದಲೋ ನೇರವಾಗಿ ಬಂದ ಇಮೇಲ್. ಕಾಗದ ಅಸಲಿಯೇ ಆಗಿದ್ದರೂ ಇದಕ್ಕೆ ಭಾರತದಲ್ಲಿ ಬಲವಂತದ ಶಕ್ತಿ ಇಲ್ಲ. "ದಾಖಲೆಗಳನ್ನು ಕಾಯ್ದಿಡುತ್ತೇವೆ, ದಯವಿಟ್ಟು ಭಾರತದ ಗೃಹ ಸಚಿವಾಲಯದ ಮೂಲಕ ಕೋರಿಕೆ ಕಳುಹಿಸಿ" ಎಂದು ಉತ್ತರಿಸಿದರೆ ಸಾಕು. ಒಳ್ಳೆಯ ಕೆಲಸಕ್ಕಲ್ಲವೇ ಎಂದುಕೊಂಡು ಗ್ರಾಹಕರ ಮಾಹಿತಿಯನ್ನು ನೇರವಾಗಿ ಕಳುಹಿಸಬೇಡಿ. ಹಂತ ಹಂತವಾಗಿ ಜಾರಿಗೆ ಬರುತ್ತಿರುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಕಲಂ 7ನ್ನು ಗಮನವಿಟ್ಟು ಓದಿ. ಒಪ್ಪಿಗೆಯಿಲ್ಲದೆ ಮಾಹಿತಿ ಬಳಸಬಹುದಾದ ಸಂದರ್ಭಗಳಲ್ಲಿ ಭಾರತದ ಕಾನೂನಿನಡಿಯ ಆದೇಶಗಳು ಬರುತ್ತವೆ. ವಿದೇಶಿ ಕಾನೂನಿನಡಿಯ ಆದೇಶಗಳು ಬರುವುದು ಒಪ್ಪಂದದ ಅಥವಾ ಸಿವಿಲ್ ಸ್ವರೂಪದ ಹಕ್ಕುಗಳಿಗೆ ಸಂಬಂಧಿಸಿದ್ದರೆ ಮಾತ್ರ. ವಿದೇಶಿ ಕ್ರಿಮಿನಲ್ ಆದೇಶ ಆ ಸಾಲಿನಲ್ಲಿ ಇಲ್ಲ. ಆ ಮಾಹಿತಿಯನ್ನು ಭಾರತದ ಮ್ಯಾಜಿಸ್ಟ್ರೇಟರೋ ಪೊಲೀಸರೋ ಕೇಳಿದರೆ ನಿಮ್ಮ ಕಾಲ ಕೆಳಗೆ ಗಟ್ಟಿ ನೆಲ ಇರುತ್ತದೆ.

ಇಂಟರ್‌ಪೋಲ್ ಮೂಲಕ ಬಂದ ವಿಚಾರಣೆ. ಭಾರತದಲ್ಲಿ ಇಂಟರ್‌ಪೋಲ್‌ನ ಸಂಪರ್ಕ ಕಚೇರಿ ಸಿಬಿಐ. ಈ ದಾರಿಯಲ್ಲಿ ಓಡಾಡುವುದು ಪೊಲೀಸ್ ಮಾಹಿತಿ: ಖಾತೆ ಇದೆಯೇ, ವಿಳಾಸ ಸರಿಯೇ, ವ್ಯಕ್ತಿ ದೇಶದಲ್ಲಿದ್ದಾರೆಯೇ ಇತ್ಯಾದಿ. ಸಾಕ್ಷ್ಯ ಎಲ್ಲಿದೆ ಎಂದು ತಿಳಿಯಲು ಇದು ಉಪಯುಕ್ತ. ಕೋರ್ಟಿನಲ್ಲಿ ಹಾಜರುಪಡಿಸುವ ಸಾಕ್ಷ್ಯಕ್ಕೆ ಔಪಚಾರಿಕ ಕೋರಿಕೆಯೇ ಬರಬೇಕು.

ಮ್ಯಾಜಿಸ್ಟ್ರೇಟರ ಸಮನ್ಸ್ ಅಥವಾ ಪೊಲೀಸ್ ನೋಟಿಸ್. ಅದರಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಮುಂದೆ ಕಾಯ್ದೆಯ ಹೆಸರಿಲ್ಲದೆ ಬರುವ ಕಲಂಗಳು ಈ ಸಂಹಿತೆಯವು) ಕಲಂ 113ರ ಉಲ್ಲೇಖ ಇದ್ದರೆ ನಿಮ್ಮ ಕೈಯಲ್ಲಿರುವುದು ವಿದೇಶಿ ಕೋರಿಕೆಯ ಇಲ್ಲಿನ ರೂಪ. 2024ರ ಜುಲೈ 1ಕ್ಕೆ ಮೊದಲಿನ ಕಡತಗಳಲ್ಲಿ ಇದೇ ವಿಷಯ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 166-ಬಿ ಎಂದಿರುತ್ತದೆ. 1990ರ ತಿದ್ದುಪಡಿಯಲ್ಲಿ 166-ಎ ಜೊತೆಗೆ ಬಂದ ಕಲಂ ಅದು. 166-ಎ ಈಗ 112: ಅದು ನಮ್ಮ ತನಿಖೆಗೆ ಹೊರದೇಶದಿಂದ ಸಾಕ್ಷ್ಯ ತರಿಸುವ ಕಲಂ. ಎರಡನ್ನೂ ಅದಲುಬದಲು ಮಾಡಿಕೊಂಡ ಅರ್ಜಿಗಳು ಬರುವುದುಂಟು, ಜಾಗ್ರತೆ.

ಹೈಕೋರ್ಟಿನಿಂದ ಬಂದ ಕಮಿಷನ್ (ಸಾಕ್ಷಿಯ ಹೇಳಿಕೆ ಪಡೆಯಲು ನ್ಯಾಯಾಲಯ ಒಬ್ಬರಿಗೆ ವಹಿಸುವ ಅಧಿಕಾರ) ಆಗಿದ್ದರೆ ಅದು ಬೇರೆಯೇ ಲೋಕ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 26, ನಿಯಮ 19ರಿಂದ 22ರಡಿ ವಿದೇಶಿ ನ್ಯಾಯಾಲಯಕ್ಕಾಗಿ ಸಾಕ್ಷಿಯ ಹೇಳಿಕೆ ಪಡೆಯಬಹುದು, ಆದರೆ ವ್ಯವಹರಣೆ ಸಿವಿಲ್ ಸ್ವರೂಪದ್ದಾಗಿರಬೇಕು ಎಂದು ನಿಯಮವೇ ಹೇಳುತ್ತದೆ. ಭಾರತ 2007ರಲ್ಲಿ ಸೇರಿದ ಹೇಗ್ ಸಾಕ್ಷ್ಯ ಒಡಂಬಡಿಕೆಯೂ ಸಿವಿಲ್ ಮತ್ತು ವಾಣಿಜ್ಯ ವಿಷಯಗಳಿಗೆ ಸೀಮಿತ. ಕ್ರಿಮಿನಲ್ ಪ್ರಕರಣಕ್ಕೆ ಈ ಬಾಗಿಲು ತಟ್ಟಿದರೆ ತೆರೆಯುವುದಿಲ್ಲ.

ಇನ್ನೊಂದು ಬಗೆಯನ್ನೂ ಹೇಳಲೇಬೇಕು. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಕರೆ ಮಾಡಿ "ಇಂಟರ್‌ಪೋಲ್‌ನಿಂದ ಮಾತಾಡುತ್ತಿದ್ದೇವೆ, ನಿಮ್ಮ ಮೇಲೆ ವಿದೇಶದಲ್ಲಿ ಕೇಸ್ ಇದೆ, ಕ್ಯಾಮೆರಾ ಆಫ್ ಮಾಡಬೇಡಿ, ಹಣ ಪರಿಶೀಲನೆಗೆ ವರ್ಗಾಯಿಸಿ" ಎನ್ನುವವರು ಕಳ್ಳರು. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ. ಕರೆ ಕತ್ತರಿಸಿ 1930ಕ್ಕೆ ತಿಳಿಸಿ. ಅಸಲಿ ನೋಟಿಸ್ ಎಂದು ಕಂಡರೂ ಕಾಗದದಲ್ಲಿರುವ ನಂಬರಿಗೆ ಕರೆ ಮಾಡದೆ, ಠಾಣೆಯ ಅಥವಾ ನ್ಯಾಯಾಲಯದ ಅಧಿಕೃತ ಜಾಲತಾಣದಲ್ಲಿರುವ ನಂಬರಿಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಿ.

ಕಲಂ 113ನ್ನು ಪದ ಬಿಡಿಸಿ ಓದುವುದು

ಕಲಂ ಚಿಕ್ಕದು. ಆದರೆ ಅದರ ಪ್ರತಿ ಪದಕ್ಕೂ ಕೆಲಸವಿದೆ.

"ಸಕ್ಷಮ ನ್ಯಾಯಾಲಯ ಅಥವಾ ಪ್ರಾಧಿಕಾರ": ಕೋರಿಕೆ ಕಳುಹಿಸಿದವರಿಗೆ ಅವರ ದೇಶದ ಕಾನೂನಿನಲ್ಲಿ ಆ ಅಧಿಕಾರ ಇರಬೇಕು. ನ್ಯಾಯಾಲಯವೇ ಆಗಬೇಕೆಂದಿಲ್ಲ. ನ್ಯಾಯಾಲಯ ಕಳುಹಿಸಿದ್ದನ್ನು ಲೆಟರ್ ರೊಗೇಟರಿ ಎಂದೂ, ಒಪ್ಪಂದದಡಿ ಒಂದು ದೇಶದ ಕೇಂದ್ರ ಪ್ರಾಧಿಕಾರ ಇನ್ನೊಂದಕ್ಕೆ ಕಳುಹಿಸಿದ್ದನ್ನು ಪರಸ್ಪರ ಕಾನೂನು ನೆರವಿನ ಕೋರಿಕೆ ಎಂದೂ ಕರೆಯುವ ರೂಢಿ. ನಮ್ಮ ಕೇಂದ್ರ ಪ್ರಾಧಿಕಾರ ಕೇಂದ್ರ ಗೃಹ ಸಚಿವಾಲಯ. 2019ರ ಡಿಸೆಂಬರಿನಲ್ಲಿ ಅದು ಹೊರಡಿಸಿದ ಮಾರ್ಗಸೂಚಿಯೇ ಇಂದಿಗೂ ಈ ಕೆಲಸದ ಕೈಪಿಡಿ.

"ತನಿಖೆಯಲ್ಲಿರುವ ಅಪರಾಧ": ಎಡವುವುದು ಇಲ್ಲೇ. ನಮ್ಮ ಸಂಹಿತೆಯ ಕಲಂ 2ರಲ್ಲಿ ತನಿಖೆ ಎಂದರೆ ಪೊಲೀಸ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರು ಅಧಿಕಾರ ಕೊಟ್ಟ ವ್ಯಕ್ತಿ ಸಾಕ್ಷ್ಯ ಸಂಗ್ರಹಕ್ಕಾಗಿ ನಡೆಸುವ ವ್ಯವಹರಣೆ. ನ್ಯಾಯಾಲಯದ ವಿಚಾರಣೆ ಇದರಾಚೆಗಿನ ಹಂತ. ಹಾಗಾದರೆ ವಿದೇಶದಲ್ಲಿ ವಿಚಾರಣೆ ಶುರುವಾದ ಮೇಲೆ ಇಲ್ಲಿನ ಸಾಕ್ಷಿಯ ಹೇಳಿಕೆ ಬೇಕಾದರೆ? ಆಗ ಎರಡು ಆಸರೆ. ಒಂದು, ಆ ದೇಶದೊಂದಿಗಿನ ಒಪ್ಪಂದ. ಅಂಥ ಒಪ್ಪಂದಗಳು ಸಾಮಾನ್ಯವಾಗಿ ತನಿಖೆ, ಅಭಿಯೋಜನೆ (ಪ್ರಾಸಿಕ್ಯೂಷನ್), ವಿಚಾರಣೆ ಮೂರನ್ನೂ ಸೇರಿಸಿಕೊಂಡಿರುತ್ತವೆ. ಇನ್ನೊಂದು, ಕಲಂ 325ರಡಿಯ ವಿದೇಶಿ ಕಮಿಷನ್. ಇದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ದೇಶಗಳ ನ್ಯಾಯಾಲಯಗಳಿಗೆ ಮಾತ್ರ. ಕೋರಿಕೆ ಸಿದ್ಧಪಡಿಸುವ ವಕೀಲರು ಪ್ರಕರಣ ಯಾವ ಹಂತದಲ್ಲಿದೆ ಎಂಬುದನ್ನು ಮೊದಲ ಪುಟದಲ್ಲೇ ಬರೆಯಬೇಕು. ಬರೆಯದಿದ್ದರೆ ಸ್ಪಷ್ಟೀಕರಣ ಕೇಳಿ ಕಡತ ವಾಪಸ್ ಹೋಗುತ್ತದೆ, ತಿಂಗಳುಗಳು ಉರುಳುತ್ತವೆ.

"ವ್ಯಕ್ತಿಯ ವಿಚಾರಣೆ, ದಸ್ತಾವೇಜು ಅಥವಾ ವಸ್ತುವಿನ ಹಾಜರಿ": ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 2ರಲ್ಲಿ ದಸ್ತಾವೇಜು ಎಂಬುದರೊಳಗೆ ಎಲೆಕ್ಟ್ರಾನಿಕ್ ಮತ್ತು ಡಿಜಿಟಲ್ ದಾಖಲೆ ಸೇರಿದೆ. ಇಮೇಲ್, ಸರ್ವರ್ ಲಾಗ್, ಫೋನಿನಲ್ಲಿರುವ ಸಂದೇಶ ಎಲ್ಲವೂ ದಸ್ತಾವೇಜೇ. "ಕಾಗದದ ಮೇಲಿಲ್ಲ" ಎಂಬ ಉತ್ತರ ನಡೆಯುವುದಿಲ್ಲ.

"ಸೂಕ್ತವೆಂದು ಕಂಡರೆ": ಕೇಂದ್ರ ಸರ್ಕಾರಕ್ಕೆ ವಿವೇಚನೆ ಇದೆ. ಸಾರ್ವಭೌಮತೆ, ಭದ್ರತೆ, ರಾಜಕೀಯ ಸ್ವರೂಪದ ಅಪರಾಧ ಇವೆಲ್ಲ ತೂಗಿ ನೋಡುವ ಹಂತ ಇದು. ಕಾಗದ ನಿಮ್ಮ ಕೈಗೆ ಬಂದಿದೆ ಎಂದರೆ ಆ ಜರಡಿ ದಾಟಿದೆ ಎಂದರ್ಥ. "ಇದನ್ನು ಯಾಕೆ ಒಪ್ಪಿದಿರಿ" ಎಂದು ಪೊಲೀಸ್ ಠಾಣೆಯಲ್ಲಿ ವಾದ ಮಾಡಿ ಪ್ರಯೋಜನವಿಲ್ಲ. ಆಕ್ಷೇಪ ಗಟ್ಟಿಯಾಗಿದ್ದರೆ ಹೈಕೋರ್ಟಿಗೆ ಹೋಗಬೇಕು.

ಒಪ್ಪಂದ ಇರುವ ದೇಶವೇ?

ಕಲಂ 111ರ ಪ್ರಕಾರ "ಕರಾರುಬದ್ಧ ರಾಜ್ಯ" ಎಂದರೆ ಕೇಂದ್ರ ಸರ್ಕಾರ ಒಪ್ಪಂದದ ಮೂಲಕ ಅಥವಾ ಬೇರೆ ರೀತಿಯಲ್ಲಿ ಏರ್ಪಾಡು ಮಾಡಿಕೊಂಡಿರುವ ಹೊರದೇಶ. ಭಾರತಕ್ಕೆ ನಲವತ್ತಕ್ಕೂ ಹೆಚ್ಚು ದೇಶಗಳೊಂದಿಗೆ ಇಂಥ ಒಪ್ಪಂದವಿದೆ. ಬ್ರಿಟನ್ನಿನ ಜೊತೆಗಿನದು 1992ರದು. ಅಮೆರಿಕದೊಂದಿಗೆ 2001ರಲ್ಲಿ ಸಹಿಯಾದದ್ದು 2005ರಲ್ಲಿ ಜಾರಿಗೆ ಬಂತು. ಒಪ್ಪಂದ ಇಲ್ಲದಿದ್ದರೂ ದಾರಿ ಮುಚ್ಚುವುದಿಲ್ಲ. ಎರಡೂ ದೇಶಗಳು ವಿಶ್ವಸಂಸ್ಥೆಯ ಭ್ರಷ್ಟಾಚಾರ ವಿರೋಧಿ ಒಡಂಬಡಿಕೆಯ ಸದಸ್ಯರಾಗಿದ್ದರೆ ಅದರ ವಿಧಿ 46, ಸಂಘಟಿತ ಅಪರಾಧ ಒಡಂಬಡಿಕೆಯ ಸದಸ್ಯರಾಗಿದ್ದರೆ ಅದರ ವಿಧಿ 18 ಆಧಾರವಾಗುತ್ತದೆ. ಭಾರತ ಎರಡನ್ನೂ 2011ರಲ್ಲಿ ಅಂಗೀಕರಿಸಿದೆ. ಅದೂ ಇಲ್ಲವಾದರೆ, ನಾಳೆ ನೀವು ಕೇಳಿದಾಗ ನಾವೂ ಕೊಡುತ್ತೇವೆ ಎಂಬ ಪರಸ್ಪರತೆಯ ಭರವಸೆ.

ಇದು ಗೊತ್ತಿರಬೇಕಾದ್ದು ಏಕೆಂದರೆ ಬ್ಯಾಂಕಿನವರು ಗೌಪ್ಯತೆಯ ಆಕ್ಷೇಪ ಎತ್ತುವುದಿದೆ. ಆ ಎರಡೂ ಒಡಂಬಡಿಕೆಗಳು ಬ್ಯಾಂಕ್ ಗೌಪ್ಯತೆಯ ಕಾರಣಕ್ಕೆ ನೆರವು ನಿರಾಕರಿಸುವಂತಿಲ್ಲ ಎಂದು ನೇರವಾಗಿ ಹೇಳಿವೆ. ಕೊಟ್ಟ ಸಾಕ್ಷ್ಯವನ್ನು ಕೋರಿಕೆಯಲ್ಲಿ ಹೇಳಿದ್ದಕ್ಕಿಂತ ಬೇರೆ ಪ್ರಕರಣಕ್ಕೆ ಒಪ್ಪಿಗೆಯಿಲ್ಲದೆ ಬಳಸುವಂತಿಲ್ಲ ಎಂಬ ಷರತ್ತೂ ಅವುಗಳಲ್ಲೇ ಇದೆ.

ಮ್ಯಾಜಿಸ್ಟ್ರೇಟರ ದಾರಿ, ಪೊಲೀಸರ ದಾರಿ

ಕಲಂ 113 ಎರಡು ಆಯ್ಕೆ ಕೊಡುತ್ತದೆ. ಕೇಂದ್ರ ಸರ್ಕಾರ ಕೋರಿಕೆಯನ್ನು ಮುಖ್ಯ ನ್ಯಾಯಿಕ ದಂಡಾಧಿಕಾರಿಗೆ (ಚೀಫ್ ಜುಡಿಷಿಯಲ್ ಮ್ಯಾಜಿಸ್ಟ್ರೇಟರಿಗೆ) ಕಳುಹಿಸಬಹುದು. ಅವರು ತಾವೇ ಅಥವಾ ತಾವು ನೇಮಿಸಿದ ನ್ಯಾಯಿಕ ದಂಡಾಧಿಕಾರಿಯ ಮೂಲಕ ವ್ಯಕ್ತಿಗೆ ಸಮನ್ಸ್ ಕೊಟ್ಟು ಹೇಳಿಕೆ ದಾಖಲಿಸುತ್ತಾರೆ. ಇಲ್ಲವೇ ಪೊಲೀಸ್ ಅಧಿಕಾರಿಗೆ ಕಳುಹಿಸಬಹುದು. ಅವರು ಆ ಅಪರಾಧ ಭಾರತದಲ್ಲೇ ನಡೆದಿದೆಯೋ ಎಂಬಂತೆ ತನಿಖೆ ಮಾಡುತ್ತಾರೆ. ಬೆಂಗಳೂರಿನಲ್ಲಿ ಹಳೆಯ ಮುಖ್ಯ ಮೆಟ್ರೊಪಾಲಿಟನ್ ಮ್ಯಾಜಿಸ್ಟ್ರೇಟ್ ಎಂಬ ಹುದ್ದೆಗೆ ಹೊಸ ಸಂಹಿತೆಯಲ್ಲಿ ಜಾಗವಿಲ್ಲ. ಹಳೆಯ ನಮೂನೆ ನಕಲು ಮಾಡಿದ ಕೋರಿಕೆಗಳಲ್ಲಿ ಇನ್ನೂ ಆ ಹೆಸರು ಬರುತ್ತದೆ, ತಿದ್ದಿಕೊಳ್ಳಿ.

ಎರಡು ದಾರಿಗಳ ವ್ಯತ್ಯಾಸ ಬಹಳ ದೊಡ್ಡದು. ಪೊಲೀಸರು ಕಲಂ 180ರಡಿ ಬರೆದುಕೊಂಡ ಹೇಳಿಕೆಗೆ ಪ್ರಮಾಣವಿಲ್ಲ, ಕಲಂ 181ರ ಪ್ರಕಾರ ಹೇಳಿದವರು ಸಹಿ ಹಾಕುವಂತೆಯೂ ಇಲ್ಲ. ಪ್ರಮಾಣ ಮಾಡಿ ಸಹಿ ಹಾಕಿದ ಹೇಳಿಕೆಯನ್ನು ನಿರೀಕ್ಷಿಸುವ ವಿದೇಶಿ ನ್ಯಾಯಾಲಯಕ್ಕೆ ಅದು ಉಪಯೋಗಕ್ಕೆ ಬಾರದ ಹಾಳೆ. ಹೇಳಿಕೆ ಮುಖ್ಯವಾಗಿದ್ದರೆ ಕೋರಿಕೆಯಲ್ಲೇ "ಮ್ಯಾಜಿಸ್ಟ್ರೇಟರ ಮುಂದೆ, ಪ್ರಮಾಣದ ಮೇಲೆ" ಎಂದು ಬರೆಸಬೇಕು, ಕೇಳಬೇಕಾದ ಪ್ರಶ್ನೆಗಳ ಪಟ್ಟಿಯನ್ನೂ ಲಗತ್ತಿಸಬೇಕು. ದಾಖಲೆ ಸಂಗ್ರಹ, ಶೋಧನೆ, ಜಪ್ತಿ ಬೇಕಾದರೆ ಪೊಲೀಸರ ದಾರಿಯೇ ಸರಿ. ಶೋಧನೆ ನಡೆದರೆ ಪಂಚರ ಸಮಕ್ಷಮ ಮಹಜರು ಆಗಬೇಕು, ಕಲಂ 105ರಂತೆ ಇಡೀ ಪ್ರಕ್ರಿಯೆ ಆಡಿಯೊ-ವಿಡಿಯೊ ಚಿತ್ರೀಕರಣವಾಗಬೇಕು. ಚಿತ್ರೀಕರಣ ಆಗುತ್ತಿದೆಯೇ ಎಂದು ವಿನಯದಿಂದಲೇ ಕೇಳಿ. ಅದು ನಿಮಗೂ ತನಿಖಾಧಿಕಾರಿಗೂ ರಕ್ಷಣೆ.

ಕಾಗದ ಬಂದ ದಿನವೇ ಮಾಡಬೇಕಾದ್ದು

ಮಾಹಿತಿಯನ್ನು ಅಳಿಯದಂತೆ ಹಿಡಿದಿಡುವುದು. ವಿದೇಶಿ ಕೋರಿಕೆ ಸುತ್ತಿ ಬಳಸಿ ನಿಮ್ಮ ಮೇಜಿಗೆ ಬರುವ ಹೊತ್ತಿಗೆ ಘಟನೆ ಹಳತಾಗಿರುತ್ತದೆ, ಉಳಿಸಿಡುವ ಅವಧಿಗಳು ಮಾತ್ರ ಚಿಕ್ಕವು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದ ಪ್ರಕಾರ ಕಂಪನಿಗಳು ಸಿಸ್ಟಮ್ ಲಾಗ್‌ಗಳನ್ನು 180 ದಿನ ಇಡಬೇಕು. ದೂರವಾಣಿ ಕಂಪನಿಗಳು ಕರೆ ವಿವರಗಳನ್ನು ಕನಿಷ್ಠ 2 ವರ್ಷ ಇಡಬೇಕೆಂದು ಪರವಾನಗಿ ಷರತ್ತನ್ನು 2021ರ ಡಿಸೆಂಬರಿನಲ್ಲಿ ಬದಲಿಸಲಾಯಿತು. ಬ್ಯಾಂಕುಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಕಲಂ 12ರಂತೆ ವಹಿವಾಟಿನ ದಾಖಲೆಯನ್ನು 5 ವರ್ಷ ಇಡಬೇಕು. ಲಾಗ್ ತಾನಾಗಿ ಅಳಿಯುವ ವ್ಯವಸ್ಥೆ ಇದ್ದರೆ ಆ ಖಾತೆಯ ಮಟ್ಟಿಗೆ ಅದನ್ನು ನಿಲ್ಲಿಸಿ, ನಿಲ್ಲಿಸಿದ ದಿನಾಂಕ ಮತ್ತು ಹೊತ್ತನ್ನು ಬರೆದಿಡಿ. ಖಾತೆದಾರರಿಗೆ ಸುಳಿವು ಕೊಡಬೇಡಿ. ಗೋಪ್ಯವಾಗಿಡಿ ಎಂಬ ಸೂಚನೆ ಕೋರಿಕೆಗಳಲ್ಲಿ ಸಾಮಾನ್ಯವಾಗಿ ಇರುತ್ತದೆ.

ದಾಖಲೆ ಸಿದ್ಧಪಡಿಸುವುದು

ಬ್ಯಾಂಕ್ ಸ್ಟೇಟ್‌ಮೆಂಟಿನ ಪ್ರಿಂಟ್ ತೆಗೆದು ಶಾಖೆಯ ಸೀಲು ಒತ್ತಿ ಕಳುಹಿಸುವ ಅಭ್ಯಾಸ ಬಿಡಬೇಕು. 1891ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆಯ ಕಲಂ 2-ಎ ಕಂಪ್ಯೂಟರ್ ಪ್ರಿಂಟಿಗೆ ಮೂರು ಮಾತು ಕೇಳುತ್ತದೆ. ಪ್ರಧಾನ ಲೆಕ್ಕಾಧಿಕಾರಿ ಅಥವಾ ಶಾಖಾ ವ್ಯವಸ್ಥಾಪಕರಿಂದ, ಇದು ಆ ನಮೂದಿನದೇ ಪ್ರಿಂಟ್ ಎಂಬ ಪ್ರಮಾಣಪತ್ರ. ಕಂಪ್ಯೂಟರ್ ವ್ಯವಸ್ಥೆಯ ಹೊಣೆ ಹೊತ್ತವರಿಂದ, ಅನಧಿಕೃತ ಬದಲಾವಣೆ ತಡೆಯಲು ಏನೇನು ವ್ಯವಸ್ಥೆ ಇದೆ ಎಂಬ ವಿವರಣೆ. ಅವರಿಂದಲೇ, ಆ ಸಮಯದಲ್ಲಿ ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂಬ ಇನ್ನೊಂದು ಪ್ರಮಾಣಪತ್ರ. ಹೆಚ್ಚಾಗಿ ಬಿಟ್ಟುಹೋಗುವುದು ಈ ಮೂರನೆಯದು.

ಉಳಿದ ಎಲೆಕ್ಟ್ರಾನಿಕ್ ದಾಖಲೆಗೆ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ. ಇದಕ್ಕೆ ಎರಡು ಭಾಗ: ಎ ಭಾಗವನ್ನು ದಾಖಲೆ ಕೊಡುವವರು, ಬಿ ಭಾಗವನ್ನು ತಜ್ಞರು ತುಂಬಬೇಕು. ಹ್ಯಾಷ್ ಮೌಲ್ಯ (ಕಡತದ ಬೆರಳಚ್ಚಿನಂತಿರುವ, ಅದರ ಒಳಗಿನದ್ದರಿಂದಲೇ ಲೆಕ್ಕ ಹಾಕಿದ ಸಂಕೇತ) ಎರಡರಲ್ಲೂ ಬೇಕು. ನಮೂನೆಯಲ್ಲಿ ಎಸ್‌ಎಚ್‌ಎ1, ಎಸ್‌ಎಚ್‌ಎ256, ಎಂಡಿ5 ಎಂಬ ಹ್ಯಾಷ್ ವಿಧಾನಗಳ ಹೆಸರುಗಳಿವೆ. ಎಸ್‌ಎಚ್‌ಎ256 ಆರಿಸಿಕೊಳ್ಳಿ, ಉಳಿದೆರಡರ ದೌರ್ಬಲ್ಯ ಎಲ್ಲರಿಗೂ ಗೊತ್ತಿರುವುದೇ. ಹ್ಯಾಷ್ ತೆಗೆದ ಮೇಲೆ ಕಡತವನ್ನು ತೆರೆದು ಮತ್ತೆ ಸೇವ್ ಮಾಡಿದರೆ ಮೌಲ್ಯ ಬದಲಾಗಬಹುದು. ಎಕ್ಸೆಲ್ ಕಡತದ ಕಾಲಂ ಅಗಲ ಮಾಡಿ ಸೇವ್ ಮಾಡಿದರೂ ಸಾಕು, ಹಾಳಾಯಿತು. ಹ್ಯಾಷ್ ಆದ ಪ್ರತಿಯನ್ನು ಮುಟ್ಟದೆ, ಓದಲು ಬೇರೆ ಪ್ರತಿ ಇಟ್ಟುಕೊಳ್ಳಿ.

ಇಷ್ಟಾದರೂ ಅದು ನಮ್ಮ ಕಾನೂನಿನ ರೂಪ. ಸಾಕ್ಷ್ಯ ನಿಲ್ಲಬೇಕಾದ್ದು ಅವರ ನ್ಯಾಯಾಲಯದಲ್ಲಿ. ಉದಾಹರಣೆಗೆ ಅಮೆರಿಕದ ಫೆಡರಲ್ ಕಾನೂನಿನ 18ನೇ ಶೀರ್ಷಿಕೆಯ ಕಲಂ 3505, ವಿದೇಶಿ ವ್ಯವಹಾರ ದಾಖಲೆಗೆ ತನ್ನದೇ ಪ್ರಮಾಣಪತ್ರ ಕೇಳುತ್ತದೆ: ಘಟನೆ ನಡೆದ ಹೊತ್ತಿನಲ್ಲೇ ಅಥವಾ ಸ್ವಲ್ಪದರಲ್ಲೇ, ವಿಷಯ ಬಲ್ಲವರು ದಾಖಲಿಸಿದ್ದು, ವ್ಯವಹಾರದ ನಿತ್ಯಕ್ರಮದಲ್ಲಿ ಇಟ್ಟದ್ದು, ಹಾಗೆ ದಾಖಲಿಸುವುದು ಸಂಸ್ಥೆಯ ರೂಢಿ, ಮೂಲವಲ್ಲದಿದ್ದರೆ ಇದು ಅದರ ಪ್ರತಿ. ಸಹಿ ಹಾಕುವವರು ಸುಳ್ಳು ಹೇಳಿದರೆ ತಮ್ಮ ದೇಶದಲ್ಲೇ ಶಿಕ್ಷೆಗೆ ಒಳಗಾಗುವಂತಿರಬೇಕು. ಅಂಥ ನಮೂನೆ ಕೋರಿಕೆಗೆ ಲಗತ್ತಾಗಿದೆಯೇ ಎಂದು ಹುಡುಕಿ. ಇದ್ದರೆ ಎರಡೂ ಪ್ರಮಾಣಪತ್ರ ಮಾಡಿ. ಒಂದು ಮಾಡಿ ಇನ್ನೊಂದು ಬಿಟ್ಟರೆ ವರ್ಷದ ಮೇಲೆ ಅದೇ ದಾಖಲೆಗೆ ಮತ್ತೊಂದು ಕೋರಿಕೆ ಬರುತ್ತದೆ.

ಸಣ್ಣಪುಟ್ಟವೆಂದು ಕಾಣುವ ಕೆಲವು ವಿವರಗಳು ಪ್ರಕರಣವನ್ನೇ ಕೆಡಿಸುತ್ತವೆ. ಲಾಗ್‌ನ ಸಮಯ ಭಾರತೀಯ ಕಾಲಮಾನವೇ ಯುಟಿಸಿಯೇ (ಅಂತರರಾಷ್ಟ್ರೀಯ ಪ್ರಮಾಣ ಸಮಯ) ಎಂದು ಬರೆಯದಿದ್ದರೆ ಐದೂವರೆ ಗಂಟೆಯ ವ್ಯತ್ಯಾಸದಲ್ಲಿ ಬೇರೊಬ್ಬ ಬಳಕೆದಾರ ಸಿಕ್ಕಿಬೀಳುತ್ತಾನೆ. ಮೊಬೈಲ್ ಜಾಲಗಳಲ್ಲಿ ಒಂದೇ ಐಪಿ ವಿಳಾಸವನ್ನು ಬಹಳ ಮಂದಿ ಹಂಚಿಕೊಳ್ಳುವುದರಿಂದ ಪೋರ್ಟ್ ಸಂಖ್ಯೆಯೂ ಬೇಕು. 03/04 ಎಂದರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. 1,25,00,000 ಎಂಬ ಅಲ್ಪವಿರಾಮದ ಕ್ರಮ ಹೊರಗಿನವರಿಗೆ ಗೊಂದಲ, ಮೊತ್ತವನ್ನು ಅಕ್ಷರದಲ್ಲೂ ಕೊಡಿ. ನಮ್ಮ ಹೆಸರುಗಳಂತೂ ದೊಡ್ಡ ತೊಡಕು. ಬ್ಯಾಂಕಿನಲ್ಲಿ "ಎಚ್. ಆರ್. ಮಂಜುನಾಥ" ಎಂದಿದ್ದವರು ಪಾಸ್‌ಪೋರ್ಟಿನಲ್ಲಿ ಊರಿನ ಮತ್ತು ತಂದೆಯ ಹೆಸರು ಬಿಡಿಸಿ ಬರೆಸಿಕೊಂಡಿರುತ್ತಾರೆ. ವಿದೇಶಿ ತನಿಖಾಧಿಕಾರಿಗೆ ಇವರು ಇಬ್ಬರು ವ್ಯಕ್ತಿಗಳು. ಇನಿಷಿಯಲ್ ಏನನ್ನು ಸೂಚಿಸುತ್ತದೆ ಎಂದು ಒಂದು ವಾಕ್ಯದ ವಿವರಣೆ ಸೇರಿಸಿದರೆ ಒಳಿತು.

ಹೇಳಿಕೆ ಕೊಡುವಾಗ

ಪೊಲೀಸರು ಕಲಂ 179ರಡಿ ಕರೆಸುವುದಾದರೆ ಲಿಖಿತ ಆದೇಶ ಇರಬೇಕು. 15ಕ್ಕಿಂತ ಕೆಳಗಿನ ಮತ್ತು 60 ದಾಟಿದ ಪುರುಷರನ್ನು, ಮಹಿಳೆಯರನ್ನು, ಅಂಗವಿಕಲರನ್ನು, ತೀವ್ರ ಅನಾರೋಗ್ಯದಲ್ಲಿರುವವರನ್ನು ಅವರ ವಾಸಸ್ಥಳದ ಹೊರಗೆ ಬರುವಂತೆ ಒತ್ತಾಯಿಸುವಂತಿಲ್ಲ. ತನ್ನನ್ನೇ ಅಪರಾಧಕ್ಕೆ ಸಿಲುಕಿಸುವ ಪ್ರಶ್ನೆಗೆ ಪೊಲೀಸರ ಮುಂದೆ ಉತ್ತರಿಸಬೇಕಾಗಿಲ್ಲ. ಇದು ಕಲಂ 180ರಲ್ಲೇ ಇದೆ. ಮ್ಯಾಜಿಸ್ಟ್ರೇಟರ ಮುಂದೆ ಸಾಕ್ಷಿಯಾಗಿ ನಿಂತಾಗ ಲೆಕ್ಕ ಬೇರೆ: ಸಾಕ್ಷ್ಯ ಅಧಿನಿಯಮದ ಕಲಂ 137ರಂತೆ ಉತ್ತರಿಸಲೇಬೇಕಾಗಬಹುದು, ಆದರೆ ಹಾಗೆ ಒತ್ತಾಯದಿಂದ ಪಡೆದ ಉತ್ತರವನ್ನು ಸುಳ್ಳು ಸಾಕ್ಷ್ಯದ ಪ್ರಕರಣ ಬಿಟ್ಟು ಬೇರೆ ಕ್ರಿಮಿನಲ್ ಪ್ರಕರಣದಲ್ಲಿ ನಿಮ್ಮ ವಿರುದ್ಧ ಬಳಸುವಂತಿಲ್ಲ. ಆ ರಕ್ಷಣೆ ಭಾರತದ ಕಾನೂನಿನದು. ಉತ್ತರ ಹೋಗುತ್ತಿರುವುದು ಹೊರದೇಶಕ್ಕೆ. ನಿಮ್ಮ ಮೇಲೂ ಅನುಮಾನದ ನೆರಳಿದ್ದರೆ ವಕೀಲರನ್ನು ಕಾಣದೆ ಬಾಯಿ ತೆರೆಯಬೇಡಿ.

ಕೋರಿಕೆಯಲ್ಲಿ ಸುಳ್ಳುಪತ್ತೆ ಪರೀಕ್ಷೆಯ ಮಾತಿದ್ದರೂ ನಿಮ್ಮ ಒಪ್ಪಿಗೆಯಿಲ್ಲದೆ ಅದು ನಡೆಯುವಂತಿಲ್ಲ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ತೀರ್ಪು ನಾರ್ಕೊ, ಪಾಲಿಗ್ರಾಫ್, ಮೆದುಳಿನ ನಕ್ಷೆ ಮೂರನ್ನೂ ಬಲವಂತವಾಗಿ ಮಾಡುವುದನ್ನು ತಡೆದಿದೆ.

ಕನ್ನಡದಲ್ಲಿ ಯೋಚಿಸುವವರು ಕನ್ನಡದಲ್ಲೇ ಹೇಳಿ. ಅನುವಾದ ದೃಢೀಕರಿಸಿ ಲಗತ್ತಿಸಿದರಾಯಿತು. ಅರ್ಥವಾಗದ ಇಂಗ್ಲಿಷ್ ಹಾಳೆಗೆ ಸಹಿ ಬೇಡ. ಪ್ರಮಾಣದ ಮೇಲೆ ಸಾಕ್ಷ್ಯ ಪಡೆಯಬಹುದಾದ ಯಾವುದೇ ವ್ಯವಹರಣೆ "ನ್ಯಾಯಿಕ ವ್ಯವಹರಣೆ" ಎಂಬ ವ್ಯಾಖ್ಯೆಯೊಳಗೆ ಬರುವುದರಿಂದ, ಅಲ್ಲಿ ಸುಳ್ಳು ಹೇಳಿದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 229ರಂತೆ 7 ವರ್ಷದವರೆಗೆ ಶಿಕ್ಷೆಯಾಗಬಹುದು. ಪ್ರಕರಣ ಎಲ್ಲೋ ದೂರದ್ದು ಎಂದು ಇದನ್ನು ಹಗುರವಾಗಿ ಕಾಣಬೇಡಿ.

ಆಸ್ತಿಯ ಮಾತು ಬಂದರೆ

ಕಲಂ 111ರಲ್ಲಿ "ಪತ್ತೆಹಚ್ಚುವುದು" ಎಂದರೆ ಆಸ್ತಿಯ ಸ್ವರೂಪ, ಮೂಲ, ಚಲನೆ, ಒಡೆತನ ಕಂಡುಹಿಡಿಯುವುದು. "ಗುರುತಿಸುವುದು" ಎಂದರೆ ಅದು ಅಪರಾಧದಿಂದ ಬಂದದ್ದು ಅಥವಾ ಅಪರಾಧಕ್ಕೆ ಬಳಸಿದ್ದು ಎಂಬುದಕ್ಕೆ ಪುರಾವೆ ಸ್ಥಾಪಿಸುವುದು. ಮೊದಲನೆಯದಕ್ಕೆ ಖಾತೆ ವಿವರ, ಕ್ರಯಪತ್ರ, ಋಣಭಾರ ಪ್ರಮಾಣಪತ್ರ ಸಾಕಾಗಬಹುದು. ಎರಡನೆಯದಕ್ಕೆ ಹಣ ಒಂದು ಕೈಯಿಂದ ಇನ್ನೊಂದಕ್ಕೆ ಹೋದ ಕೊಂಡಿ ಪೂರ್ತಿ ಬೇಕು. ಕಲಂ 111ರ "ಅಪರಾಧದ ಗಳಿಕೆ" ಯಾವುದೇ ಅಪರಾಧ ಚಟುವಟಿಕೆಯಿಂದ ಬಂದ ಆಸ್ತಿಯನ್ನು ಅಥವಾ ಅದರ ಮೌಲ್ಯವನ್ನು ಒಳಗೊಳ್ಳುತ್ತದೆ. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಲ್ಲಿ ಅದೇ ಪದ ಅನುಸೂಚಿತ ಅಪರಾಧಕ್ಕೆ (ಆ ಕಾಯ್ದೆಯ ಪಟ್ಟಿಯಲ್ಲಿರುವ ಅಪರಾಧಕ್ಕೆ) ಮಾತ್ರ ಅಂಟಿಕೊಂಡಿದೆ. ನೋಟಿಸ್ ಪೊಲೀಸರದೋ ಜಾರಿ ನಿರ್ದೇಶನಾಲಯದ್ದೋ ನೋಡಿಕೊಂಡು ಆಯಾ ಕಾಯ್ದೆಯ ವ್ಯಾಖ್ಯೆ ಹಿಡಿಯಿರಿ.

ಕೊಡುವಾಗ

ನೀವು ಕೊಡುವುದು ಮ್ಯಾಜಿಸ್ಟ್ರೇಟರಿಗೆ ಅಥವಾ ತನಿಖಾಧಿಕಾರಿಗೆ. ಅವರು ಕೇಂದ್ರ ಸರ್ಕಾರಕ್ಕೆ, ಕೇಂದ್ರ ಸರ್ಕಾರ ಹೊರದೇಶಕ್ಕೆ. ಕೋರಿಕೆಯ ಪ್ರತಿ ಅಂಶಕ್ಕೂ ಅದೇ ಕ್ರಮಸಂಖ್ಯೆಯಲ್ಲಿ ಉತ್ತರ ಬರೆಯಿರಿ. ಇಲ್ಲದ ದಾಖಲೆಗೆ "ಲಭ್ಯವಿಲ್ಲ, ಕಾರಣ ಇಂಥದ್ದು" ಎಂದು ಲಿಖಿತವಾಗಿ ಹೇಳಿ. ಮೌನ ಕಂಡರೆ ಬಚ್ಚಿಟ್ಟಿದ್ದಾರೆ ಎಂಬ ಅನುಮಾನ ಹುಟ್ಟುತ್ತದೆ. ಕೇಳದೇ ಇದ್ದದ್ದನ್ನು, ಬೇರೆ ಗ್ರಾಹಕರ ಹೆಸರು ಬರುವ ಪುಟಗಳನ್ನು ಸೇರಿಸಬೇಡಿ. ವಕೀಲರೊಂದಿಗಿನ ಪತ್ರವ್ಯವಹಾರ ಪ್ರತ್ಯೇಕ ತೆಗೆದು ಸಾಕ್ಷ್ಯ ಅಧಿನಿಯಮದ ಕಲಂ 132ರ ರಕ್ಷಣೆ ಕೋರಿ. ಪುಟಗಳಿಗೆ ನಿರಂತರ ಸಂಖ್ಯೆ ಹಾಕಿ, ಪೆನ್‌ಡ್ರೈವಿನ ಸೀರಿಯಲ್ ನಂಬರ್ ಮತ್ತು ಹ್ಯಾಷ್ ಮೌಲ್ಯವನ್ನು ಜೊತೆಗಿಡುವ ಪತ್ರದಲ್ಲೇ ಬರೆದು, ಲಕೋಟೆ ಮೊಹರು ಮಾಡಿ, ಸ್ವೀಕರಿಸಿದ ಅಧಿಕಾರಿಯ ಹೆಸರು, ಹುದ್ದೆ, ದಿನಾಂಕ, ಹೊತ್ತು ಇರುವ ಸ್ವೀಕೃತಿ ಪಡೆಯಿರಿ. ಕೊಟ್ಟದ್ದರ ಪೂರ್ಣ ಪ್ರತಿಯೊಂದನ್ನು ಸ್ವೀಕೃತಿಯ ಜೊತೆ ಬೇರೆ ಕಡತದಲ್ಲಿಡಿ. ದಾಖಲೆ ಸಿದ್ಧಪಡಿಸಿದವರು ಮುಂದೆ ಕೆಲಸ ಬಿಟ್ಟರೂ ಅವರ ಸಂಪರ್ಕ ವಿವರ ಆ ಕಡತದಲ್ಲಿರಲಿ, ಏಕೆಂದರೆ ವಿದೇಶಿ ನ್ಯಾಯಾಲಯ ವಿಡಿಯೊ ಮೂಲಕ ಸಾಕ್ಷ್ಯ ಕೇಳಿದರೆ ಮಾತಾಡಬೇಕಾದವರು ಅವರೇ.